ಕಟ್ಟುಹಾವಿಲ್ಲದ ಚಾರ್ಟ್

ಮರಳವಾಡಿಯ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಆರು, ಏಳನೇ ತರಗತಿಗಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಪ್ರಾಣಿಗಳನ್ನು ಗುಂಪು ಮಾಡುವ ಪಾಠಕ್ಕೆಂದು ದೊಡ್ಡದೊಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿದ್ದೆ. ಬೆನ್ನುಮೂಳೆ ಇದೆಯೇ? ಕಾಲಿದೆಯೇ? ಮೈಮೇಲೆ ಪಟ್ಟೆಯಿದೆಯೇ? ಒಂದೊಂದೇ ಪ್ರಶ್ನೆಗೆ ಹೌದು, ಇಲ್ಲ ಎನ್ನುತ್ತ ಗೆರೆ ಹಿಡಿದು ಇಳಿದರೆ ಕೊನೆಗೊಂದು ಹೆಸರು ಸಿಗುತ್ತಿತ್ತು; ಹಾವಾದರೆ ವಿಷವಿದೆಯೋ ಇಲ್ಲವೋ ಎಂಬುದೂ. ಮಕ್ಕಳಿಗೆ ಅದೊಂದು ಆಟವಾಗಿಬಿಟ್ಟಿತ್ತು. ಕಪ್ಪೆ, ಓತಿಕ್ಯಾತ, ಜೇಡ ಕಂಡರೆ ಸಾಕು, ಚಾರ್ಟಿನ ಮುಂದೆ ಜಗಳ ಶುರುವಾಗುತ್ತಿತ್ತು. ಎಲ್ಲರಿಗಿಂತ ಚುರುಕಾದವಳು ಬಿಸಿಯೂಟದ ಅಡುಗೆ ಮಾಡುವವರ ಮಗಳು. ಏಳನೇ ತರಗತಿಯಲ್ಲಿದ್ದಳು.

ಆ ದಿನ ಊಟ ಮುಗಿದಿತ್ತು. ಅವಳ ತಾಯಿ ಉಗ್ರಾಣದಲ್ಲಿ ಅಕ್ಕಿಮೂಟೆ ಎಳೆಯುತ್ತಿದ್ದವರು "ಹಾವು! ಹಾವು!" ಎಂದು ಕೂಗುತ್ತ ಹೊರಗೆ ಬಂದರು. ಮೂಟೆಯ ಸಂದಿಯಿಂದ ಬಂದ ಹಾವು ಅಂಗಳ ದಾಟಿ ಬೇಲಿಯೊಳಗೆ ನುಸುಳಿದ್ದನ್ನು ಮಗಳು ನೋಡಿದಳು. ತಾಯಿಯ ಬೆರಳಿನಲ್ಲಿ ಮುಳ್ಳು ಚುಚ್ಚಿದಂಥ ಗುರುತಿತ್ತು. ರಕ್ತವಿಲ್ಲ, ಊತವಿಲ್ಲ.

ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಹುಡುಗಿ ತರಗತಿಗೆ ನುಗ್ಗಿ, ಚಾರ್ಟ್ ನೋಡಿ ವಾಪಸ್ ಓಡಿಬಂದಿದ್ದಳು.

"ಅವ್ವ, ಹೆದ್ರಬ್ಯಾಡ. ಮೈಮೇಲೆ ಪಟ್ಟೆ ಇತ್ತು. ಅದು ತೋಳಹಾವು. ವಿಷ ಇಲ್ಲ ಅಂತ ಮಿಸ್ಸೇ ಬರ್ದವ್ರೆ."

ತಾಯಿ ನಿಟ್ಟುಸಿರು ಬಿಟ್ಟರು. "ನೋವೂ ಇಲ್ಲ ಕಣವ್ವ."

ಪಟ್ಟೆಯಿರುವ ಹಾವು ಇನ್ನೊಂದಿದೆ, ಕಟ್ಟುಹಾವು. ಅದು ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಆಮೇಲೆ ಉಸಿರು ನಿಲ್ಲುತ್ತದೆ. ಚಾರ್ಟಿನ ಕೆಳಗಡೆ ಜಾಗ ಸಾಲದೆ ಅದನ್ನು ನಾನೇ ಬಿಟ್ಟಿದ್ದೆ.

"ಪಟ್ಟೆ ಎಲ್ಲಿಂದ ಶುರುವಾಗಿತ್ತು? ಕತ್ತಿನ ಹತ್ರದಿಂದಲೇ?"

"ಇಲ್ಲ ಮಿಸ್. ಮುಂದ್ಗಡೆ ಬರೀ ಕಪ್ಪು, ಮಿಂಚ್ತಿತ್ತು. ಹಿಂದಕ್ಕೆ ಬೆಳ್ಳಗೆ ಜೋಡಿ ಜೋಡಿ ಗೆರೆ."

ತೋಳಹಾವಿಗೆ ಕತ್ತಿನ ಹತ್ತಿರವೇ ಪಟ್ಟೆ ಎದ್ದು ಕಾಣುತ್ತದೆ. ಇದು ಅದಲ್ಲ.

ಆಟೋ ಕರೆಯಿರಿ ಎಂದೆ. "ಒಸಿ ಕಾದು ನೋಡಾಣ ಮೇಡಂ, ಊತಾನೇ ಇಲ್ವಲ್ಲ" ಎಂದರು ಮುಖ್ಯೋಪಾಧ್ಯಾಯರು. ತಾಯಿಯೂ ಒಪ್ಪಲಿಲ್ಲ. "ಪಾತ್ರೆಯೆಲ್ಲ ಹಂಗೇ ಬಿದ್ದವೆ ಮಿಸ್. ಚಾರ್ಟಲ್ಲೇ ಐತಂತಲ್ಲ?"

ಸುತ್ತ ಮಕ್ಕಳು ನಿಂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ: "ಚಾರ್ಟ್ ತಪ್ಪಾಗಿದೆ. ಅದರಲ್ಲಿ ಒಂದು ಹಾವನ್ನ ನಾನು ಬರೆದೇ ಇಲ್ಲ. ಏಳಿ ಅಕ್ಕ."

ಹುಡುಗಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ತಾಯಿಯನ್ನು ಆಟೋದ ನಡುವೆ ಕೂರಿಸಿಕೊಂಡು ಆಚೀಚೆ ನಾವಿಬ್ಬರು ಕುಳಿತೆವು. ಹಾರೋಹಳ್ಳಿ ದಾಟುವವರೆಗೂ ಅವರು ತೊಳೆಯದ ಪಾತ್ರೆಗಳ ಮಾತೇ ಆಡುತ್ತಿದ್ದರು. ಆಮೇಲೆ ಮಾತು ತೊದಲಿತು. "ನಿದ್ದೆ ಬತ್ತಾ ಐತೆ ಮಿಸ್, ಕಣ್ಣು ಎಳೀತವೆ." ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಮಗಳು ಅವರ ಕೆನ್ನೆ ತಟ್ಟುತ್ತ "ಅವ್ವ, ಮಾತಾಡವ್ವ" ಎನ್ನುತ್ತಲೇ ಇದ್ದಳು. ಆಟೋದವರು ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ.

ಕನಕಪುರದ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ರೆಪ್ಪೆ ನೋಡಿದರು, ಹುಡುಗಿಯಿಂದ ಹಾವಿನ ಗುರುತು ಕೇಳಿದರು, ತಕ್ಷಣ ವಿಷಕ್ಕೆ ಔಷಧಿ ಏರಿಸಿದರು. ಆದರೂ ಸಂಜೆಯ ಹೊತ್ತಿಗೆ ಉಸಿರು ಸೋತು ಗಂಟಲಿಗೆ ಕೊಳವೆ ಹಾಕಬೇಕಾಯಿತು.

ಹೊರಗೆ ಬೆಂಚಿನ ಮೇಲೆ ಹುಡುಗಿ ಕೇಳಿದಳು: "ಕಟ್ಟಾವು ಐತೆ ಅಂತ ನಿಮ್ಗೆ ಗೊತ್ತಿತ್ತಾ ಮಿಸ್?"

"ಗೊತ್ತಿತ್ತು."

"ಮತ್ಯಾಕೆ ಬರೀಲಿಲ್ಲ?"

"ಜಾಗ ಇರಲಿಲ್ಲ."

ಅವಳು ಎದ್ದುಹೋಗಿ ಬಾಗಿಲ ಹತ್ತಿರ ನಿಂತಳು. ನನ್ನ ಪಕ್ಕಕ್ಕೆ ಮತ್ತೆ ಬರಲಿಲ್ಲ.

ಮೂರನೆಯ ದಿನ ಕೊಳವೆ ತೆಗೆದರು. ತಿಂಗಳು ಕಳೆದು ಅಡುಗೆಯವರು ಕೆಲಸಕ್ಕೆ ಬಂದರು. "ನೀವು ಎಳ್ಕೊಂಡು ಹೋಗ್ದಿದ್ರೆ ಪಾತ್ರೆ ತೊಳ್ದು ಮನ್ಗಿರ್ತಿದ್ದೆ ಮಿಸ್" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಗಳು ಅಷ್ಟು ಸುಲಭವಾಗಿ ಬಿಡಲಿಲ್ಲ. ಆ ವರ್ಷ ನಾನು ಯಾವ ಪಾಠ ಮುಗಿಸಿದರೂ ಕೈಯೆತ್ತಿ ಕೇಳುತ್ತಿದ್ದಳು: "ಇದ್ರಲ್ಲಿ ಏನ್ ಬಿಟ್ಟಿದೀರಾ ಮಿಸ್?" ಮೊದಮೊದಲು ಮುಖಕ್ಕೆ ಹೊಡೆದಂತಾಗುತ್ತಿತ್ತು. ಆಮೇಲೆ ಬಿಟ್ಟದ್ದನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗತೊಡಗಿದೆ.