ಗುಳಿಗೆ ನುಂಗಿ ಊಟ ಬಿಟ್ಟ ದಿನ

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ನಾನು ಹೆದರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಊಟ ಕಡಿಮೆ ಮಾಡಿದರೆ ಸಕ್ಕರೆ ತಾನಾಗಿಯೇ ಇಳಿಯುತ್ತದೆಂದು ನಂಬಿದೆ. ಅನ್ನ, ಹಣ್ಣು ಬಿಟ್ಟೆ. ಕೆಲವೊಮ್ಮೆ ರೊಟ್ಟಿಯನ್ನೂ ಬಿಟ್ಟೆ. ಗುಳಿಗೆ ಮಾತ್ರ ತಪ್ಪಿಸಲಿಲ್ಲ.

ಒಂದು ಭಾನುವಾರ ಕಲಬುರಗಿಯಿಂದ ಕಮಲಾಪುರಕ್ಕೆ, ಅಣ್ಣನ ಮನೆಗೆ ಹೋದೆ. ಅವನದು ಕೆಂಪು ಬಾಳೆಯ ತೋಟ. ಬೆಳಿಗ್ಗೆ ಗುಳಿಗೆ ನುಂಗಿದ್ದೆ, ಏನೂ ತಿಂದಿರಲಿಲ್ಲ. ಅಣ್ಣ ಹಣ್ಣು ತಂದಿಟ್ಟ. ಬೇಡವೆಂದೆ.

"ನಮ್ಮ ಮನಿ ಹಣ್ಣೂ ಬ್ಯಾಡಾತೇನು ನಿನಗ?" ಅಂದ. ಮುಖ ಸಪ್ಪಗಾಗಿತ್ತು.

ಉತ್ತರ ಕೊಡುವ ಮೊದಲೇ ನನ್ನ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ಅಣ್ಣನ ದನಿ ಎಲ್ಲೋ ದೂರದಿಂದ ಬಂದಂತಿತ್ತು. ಅತ್ತಿಗೆ ಓಡಿಬಂದು ಬೆಲ್ಲದ ನೀರು ಕುಡಿಸಿದಳು. ಆಮೇಲೆ ಅಣ್ಣ ಹಣ್ಣು ಸುಲಿದು ತಾನೇ ತಿನ್ನಿಸಿದ. ಕೂತಲ್ಲೇ ಅತ್ತುಬಿಟ್ಟೆ.

ಮರುದಿನ ಕಲಬುರಗಿಯ ಸೇಡಂ ರಸ್ತೆಯ ನನ್ನ ಡಾಕ್ಟರು ಬೈಯಲಿಲ್ಲ. "ಗುಳಿಗಿ ತನ್ನ ಕೆಲಸ ಮಾಡ್ತದ್ರಿ ಟೀಚರ್. ಹೊಟ್ಯಾಗ ಏನೂ ಇಲ್ಲಂದ್ರ ಮೈಯಾಗ ಇದ್ದ ಸಕ್ಕರಿನೂ ಇಳಸ್ತದ. ಉಣ್ರಿ, ಉಂಡ ಮ್ಯಾಲ ಸಕ್ಕರಿ ಎಷ್ಟಾತು ನೋಡ್ಕೋರಿ," ಅಂದರು.

ಬೆರಳು ಚುಚ್ಚಿ ಪರೀಕ್ಷಿಸುವ ಪುಟ್ಟ ಯಂತ್ರ ತಂದು ನೋಡಿಕೊಂಡೆ. ಚುರುಮುರಿ ನೆನೆಸಿ ಒಗ್ಗರಣೆ ಹಾಕುವ ಸುಸ್ಲಾ ಹಗುರವೆಂದುಕೊಂಡಿದ್ದೆ. ಅದನ್ನು ತಿಂದ ದಿನವೇ ಸಕ್ಕರೆ ಸರ್ರನೆ ಏರುತ್ತಿತ್ತು. ಜೋಳದ ರೊಟ್ಟಿಗೆ ಪುಂಡಿಪಲ್ಯ, ಹೆಸರುಕಾಳು ಜೊತೆಯಾದರೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ರೊಟ್ಟಿ ಹೆಚ್ಚಾದರೆ ಅದೂ ಕೈಕೊಡುತ್ತಿತ್ತು. ನನ್ನಷ್ಟೇ ಸುಸ್ಲಾ ತಿಂದರೂ ಕಾಯಿಲೆಯಿಲ್ಲದ ಗಂಡನ ಸಕ್ಕರೆ ಮಾತ್ರ ಹೆಚ್ಚೇನೂ ಏರಲಿಲ್ಲ. ಹೊಟ್ಟೆ ಉರಿಯಿತು, ನಿಜ. ಆದರೆ ನನ್ನ ಮೈ ನನಗೆ ಅರ್ಥವಾಗತೊಡಗಿತ್ತು. ಉಂಡ ಮೇಲೆ ಓಣಿಯಲ್ಲಿ ಅಡ್ಡಾಡಿ ಬಂದರೆ ಸಕ್ಕರೆ ಇಳಿಯುವುದನ್ನೂ ಕಣ್ಣಾರೆ ಕಂಡೆ.

ಬೇಸಿಗೆ ರಜೆಯಲ್ಲಿ ಕಮಲಾಪುರದಲ್ಲಿದ್ದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾಗ ಅಣ್ಣ ನಗುತ್ತ ಬೆರಳು ಚಾಚಿದ. "ನನಗೂ ಚುಚ್ಚು. ದಿನಾ ತ್ವಾಟದಾಗ ದುಡಿಯಾಂವ ನಾ, ನನಗೇನಾಗ್ತದ?"

ಹೊಸ ಸೂಜಿ ಹಾಕಿ ಚುಚ್ಚಿದೆ. ಅವನ ಸಕ್ಕರೆ ನನ್ನದಕ್ಕಿಂತ ಬಹಳ ಹೆಚ್ಚಿತ್ತು.

"ನಿನ್ನ ಮಶೀನು ಸುಳ್ಳು ಹೇಳಾಕತ್ತದ," ಅಂದ. ಇನ್ನೊಂದು ಬೆರಳಲ್ಲೂ ಹಾಗೆಯೇ ಬಂತು. ಅವನ ನಗು ನಿಂತಿತು.

"ಹೆದರಬ್ಯಾಡ. ನಾಳಿ ನನ್ನ ಜೋಡಿ ಡಾಕ್ಟರ್ ಕಡೆ ಬಾ. ಊಟದ್ದು ನಾ ಹೇಳಿಕೊಡ್ತೀನಿ," ಅಂದೆ.

ಈಗ ಡಾಕ್ಟರು ನನ್ನ ಗುಳಿಗೆ ಕಡಿಮೆ ಮಾಡಿದ್ದಾರೆ. ಅಣ್ಣನ ಸಕ್ಕರೆಯೂ ಹತೋಟಿಗೆ ಬರುತ್ತಿದೆ. ತಾನೂ ಒಂದು ಯಂತ್ರ ತಂದುಕೊಂಡು, ದಿನಾ ಬೆಳಿಗ್ಗೆ ಫೋನ್ ಮಾಡಿ ಎಷ್ಟು ಬಂತೆಂದು ಹೇಳುತ್ತಾನೆ. ಇಳಿದಿದ್ದರೆ ಜೋರಾಗಿ, ಏರಿದ್ದರೆ ಮೆಲ್ಲಗೆ.