ಗೋಡೆಗೆ ಕಟ್ಟಿದ ಗಾದಿ

ಹೋದ ವಾರ ಸ್ಟುಡಿಯೋದ ಗೋಡೆಗೆ ಕಟ್ಟಿದ್ದ ಗಾದಿಯ ಮೂಲೆ ಹರಿದು, ಒಳಗಿನ ಹತ್ತಿ ನನ್ನ ಹೆಗಲ ಮೇಲೆ ಬಿತ್ತು. ಹಳೇ ಹತ್ತಿಗೆ ಒಂದು ವಾಸನೆ ಇರುತ್ತದೆ... ಬಿಸಿಲಿನದೂ ಅಲ್ಲ, ಧೂಳಿನದೂ ಅಲ್ಲ, ಎರಡರ ನಡುವಿನದು. ಮೂಗಿಗೆ ಹೊಕ್ಕ ಕೂಡಲೇ ಕೆಮ್ಮು ಬಂತು. ಕೆಮ್ಮಿದವ ನಾನು, ನೆನಪಾದದ್ದು ಅವರ ಕೆಮ್ಮು.

ಓಣಿಯವರೆಲ್ಲ ಅವರಿಗೆ ಗಾದಿ ಕಾಕಾ ಅಂತಿದ್ದರು. ಗೋಕಾಕದಲ್ಲಿ ನಮ್ಮ ಮನೆಯ ಬಾಜೂದಲ್ಲೇ ಅವರ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವ ಕೆಲಸ. ಆಳುದ್ದದ ಬಿಲ್ಲಿನ ನರಕ್ಕೆ ಕಟ್ಟಿಗೆಯ ಕೊಡತಿಯಿಂದ ಹೊಡೆದರೆ ಧುಂಯ್ ಧುಂಯ್ ಅಂತ ಸಪ್ಪಳ ಎದ್ದು, ಅಂಗಡಿ ತುಂಬ ಹತ್ತಿ ಹಾರಾಡುತ್ತಿತ್ತು. ಆ ಸಪ್ಪಳಕ್ಕೇ ತಾಳ ಕೂಡಿಸಿಕೊಂಡು ಒಂದು ಪದ ಹಾಡುತ್ತಿದ್ದರು. ಅವರ ಅಪ್ಪ ಕಟ್ಟಿದ್ದು. ಯಾರೂ ಬರೆದಿಟ್ಟದ್ದಲ್ಲ, ಅಪ್ಪನ ಬಾಯಿಂದ ಇವರ ಬಾಯಿಗೆ ಬಂದದ್ದು. ಮುಂದೆ ಹೋಗಲು ಬಾಯಿ ಇರಲಿಲ್ಲ. ಒಬ್ಬಳೇ ಮಗಳು, ಮಸಗುಪ್ಪಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು, ಅವಳಿಗೆ ಹಾಡು ಒಗ್ಗಲಿಲ್ಲ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವ. ಮೋಟರ್ ವೈಂಡಿಂಗ್ ಕಲಿತು, ಯಾರ ಕೈಕೆಳಗೂ ನಿಲ್ಲದೆ ಸ್ವಂತ ದುಡಿದು, ಹಿತ್ತಲ ಕೋಣೆಯನ್ನು ಸ್ಟುಡಿಯೋ ಮಾಡಬೇಕು ಅಂತ ಹಟ ಹಿಡಿದಿದ್ದೆ. ಸುತ್ತಲಿನ ಹಳ್ಳಿಗಳ ಭಜನಾ ಮೇಳದವರು ರೆಕಾರ್ಡಿಂಗಿಗೆ ದೂರ ಹೋಗುವುದು ತಪ್ಪಬೇಕು, ನನ್ನ ಹತ್ತಿರ ಬರಬೇಕು ಅಂತ. ಗೋಡೆಗೆ ತತ್ತಿಯ ಟ್ರೇ ಹಚ್ಚು ಅಂತ ಯಾರೋ ಹೇಳಿದ್ದರು. ನಾನು ಹಚ್ಚುತ್ತಿದ್ದಾಗ ಕಾಕಾ ಬಾಗಿಲಲ್ಲಿ ನಿಂತು ನೋಡಿದರು.

"ತತ್ತಿ ಡಬ್ಬಿ ಹಚ್ಚಿದ್ರ ಸಪ್ಪಳ ನಿಲ್ಲತೈತೇನಲೇ? ಕೋಳಿ ಬಂದು ಕುಂದರತಾವ ಅಷ್ಟ."

ಎಂಟು ದಿನದಲ್ಲಿ ನಾಲ್ಕು ಗೋಡೆಗೆ ನಾಲ್ಕು ಗಾದಿ ಹೊಲಿದು ತಾವೇ ಕಟ್ಟಿಕೊಟ್ಟರು. ಬಾಗಿಲು ಹಾಕಿದರೆ ಎದುರಿನ ಹಿಟ್ಟಿನ ಗಿರಣಿಯ ಗದ್ದಲ ದೂರದ ಊರಿನದು ಅನ್ನಿಸುತ್ತಿತ್ತು.

ಆಮೇಲೆ ರೆಕಾರ್ಡಿಂಗಿನ ಸಾಫ್ಟ್‌ವೇರ್ ಆರಿಸುವ ಸರದಿ. ನನ್ನ ಮುಂದೆ ಮೂರಿದ್ದವು. ಒಂದು ಪುಕ್ಕಟೆ ಸಿಗುವಂಥದು, ಹಾಡಿದ್ದನ್ನು ಹಾಡಿದ ಹಾಗೇ ಹಿಡಿದಿಡುವುದು, ಬೇರೆ ಕಸರತ್ತು ಇಲ್ಲ. ಎರಡನೆಯದನ್ನು ಹುಕ್ಕೇರಿಯ ಗೆಳೆಯ ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದ, ಕದ್ದದ್ದು. ಕದ್ದ ಮಾಲು ಹಿಡಿದು ಕೆಲಸ ಮಾಡಲಾರೆ ಅಂತ ಅದನ್ನು ವಾಪಸ್ ಕೊಟ್ಟೆ. ಮೂರನೆಯದು ರೊಕ್ಕದ್ದು, ಮೊದಲ ಹದಿನಾಲ್ಕು ದಿನ ಪುಕ್ಕಟೆ ಟ್ರಯಲ್. ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿ ಓದುತ್ತ, ಮೊಬೈಲಿನಲ್ಲಿ ವಿಡಿಯೋ ನೋಡುತ್ತ, ದಿನಗಟ್ಟಲೆ ತಲೆ ಕೆಡಿಸಿಕೊಂಡೆ. ಕಾಕಾ ಬಂದು ಸ್ಟೂಲಿನ ಮೇಲೆ ಕೂತು ನಗುತ್ತಿದ್ದರು.

"ಗಾದಿ ತಗೊಳ್ಳಾಕ ಬಂದವ್ರು ಬಟ್ಟಿ ಬಣ್ಣ ನೋಡಿ ಒಯ್ತಾರ. ಮಲಗಿ ನೋಡ್ರಿ ಅಂದ್ರ ನಾಚ್ತಾರ. ನೀ ಮಲಗಿ ನೋಡಿ ತಗೊಳಪಾ."

"ಇದರ ಮ್ಯಾಲೆ ಮಲಗೂದು ಹೆಂಗ್ರಿ ಕಾಕಾ?"

"ನನ್ನ ಪದ ಹಾಕಿ ನೋಡು. ಧಮ್ಮ ಇರೂತನಕ ಹಾಡ್ತೇನಿ, ಆಮ್ಯಾಲೆ ನೀ ಎಷ್ಟ ಬಟನ್ ಒತ್ತಿದ್ರೂ ಬರೂದಿಲ್ಲ."

ನಗುತ್ತಲೇ ಅಂದರು. ಖರೆ ಅಂದರೆ ಆಗಲೇ ಅವರ ಎದೆ ಕೆಟ್ಟಿತ್ತು. ಜೀವಮಾನವಿಡೀ ಹಾರಿದ ಹತ್ತಿ ಎಲ್ಲಿಗೆ ಹೋಗಬೇಕು? ನಾಲ್ಕು ಹೆಜ್ಜೆ ನಡೆದರೆ ನಿಲ್ಲುತ್ತಿದ್ದರು. ಅಪ್ಪನ ಪದ ತಮ್ಮೊಂದಿಗೇ ಮಣ್ಣಿಗೆ ಹೋಗಬಾರದು ಅನ್ನುವುದೊಂದೇ ಅವರ ಆಸೆ.

ನಾನು ಮೂರನೆಯದನ್ನೇ ಆರಿಸಿದೆ. ಯಾಕೆಂದರೆ ಅದರಲ್ಲಿ ಹಾಡಿನ ನಡುವಿನ ಉಸಿರಿನ ಸಪ್ಪಳವನ್ನು ತಾನೇ ಹುಡುಕಿ ಅಳಿಸುವ ಒಂದು ಬಟನ್ ಇತ್ತು.

ಕರೆಂಟ್ ಹೋಗುವುದನ್ನು ಕಾಯುತ್ತಿದ್ದೆವು. ಕರೆಂಟ್ ಹೋದರೆ ಗಿರಣಿ ನಿಲ್ಲುತ್ತದೆ, ಓಣಿಯ ಟಿವಿ, ಫ್ಯಾನು ಎಲ್ಲ ನಿಲ್ಲುತ್ತವೆ, ಲ್ಯಾಪ್‌ಟಾಪ್ ಚಾರ್ಜಿನ ಮೇಲೆ ನಡೆಯುತ್ತದೆ. ಒಂದು ಮಧ್ಯಾಹ್ನ ಹೋಯಿತು. ಕಾಕಾ ಕೊಡತಿ ಹಿಡಿದುಕೊಂಡೇ ಬಂದರು, ಅದು ಕೈಯಲ್ಲಿ ಇಲ್ಲದಿದ್ದರೆ ಪದ ನೆನಪಾಗುವುದಿಲ್ಲವಂತೆ. ಹಿಂದೆ ಕಾಕು, ಅವರ ಹೆಂಡತಿ, ಬಂದು ಹೊಸ್ತಿಲ ಬಳಿ ಕೂತರು. ಕಾಕಾ ಒಂದು ಸಾಲು ಹಾಡುವುದು, ಕೈಯೆತ್ತಿ ತಡಿ ಅನ್ನುವುದು, ಉಸಿರು ಎಳೆದುಕೊಳ್ಳುವುದು. ತಿದಿ ಹರಿದ ಹಾರ್ಮೋನಿಯಂ ಪೇಟಿ ನುಡಿಸಿದ ಹಾಗೆ ಸುಂಯ್ ಅಂತ ಎದೆಯೊಳಗಿಂದ ಬರುತ್ತಿತ್ತು. ಹೆಡ್‌ಫೋನಿನಲ್ಲಿ ಅದು ಹಾಡಿಗಿಂತ ದೊಡ್ಡದಾಗಿ ಕೇಳುತ್ತಿತ್ತು. ಆದರೂ ಕೊನೆಯ ಸಾಲಿನವರೆಗೂ ಬಿಡಲಿಲ್ಲ.

ಬಟನ್ ಒತ್ತಿದೆ. ಉಸಿರೆಲ್ಲ ಹೋಯಿತು. ಕಾಕಾ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಕಣ್ಣು ಅಗಲ ಮಾಡಿದರು.

"ಏ ಇವನ... ಇದು ನಾನಽ ಏನಲೇ? ಇಪ್ಪತ್ತೈದರ ಹುಡುಗ ಹಾಡಿದಂಗೈತಿ!" ಕಾಕುನ ಕಡೆ ತಿರುಗಿ, "ಕೇಳಿಲ್ಲೆ, ನಿನ್ನ ಗಂಡನ ಧಮ್ಮ ಎಷ್ಟೈತಿ ನೋಡು!"

ಕಾಕು ಕೇಳಿದರು. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಇಂಥದ್ದೆಲ್ಲ ಅವರಿಗೆ ತಿಳಿಯುವುದಿಲ್ಲ ಅಂದುಕೊಂಡೆ ನಾನು...

ಟ್ರಯಲ್ ಮುಗಿಯುವ ಮೊದಲು ಸ್ವಚ್ಛ ಮಾಡಿದ ಹಾಡನ್ನು ಸೇವ್ ಮಾಡಿ, ಕಾಕಾನ ಮೊಬೈಲಿಗೂ ಮಗಳ ಮೊಬೈಲಿಗೂ ಹಾಕಿಕೊಟ್ಟೆ. ಲ್ಯಾಪ್‌ಟಾಪ್ ತುಂಬಿತ್ತು. ಮೊದಲು ರೆಕಾರ್ಡ್ ಮಾಡಿದ್ದನ್ನು, ಆ ಸುಂಯ್ ಅನ್ನುವುದು ಇದ್ದದ್ದನ್ನು, ಕಸ ಅಂತ ಡಿಲೀಟ್ ಮಾಡಿದೆ.

ಆ ವರ್ಷದ ಥಂಡಿಯಲ್ಲಿ ಕಾಕಾ ಹೋದರು. ತಿಂಗಳು ಕಳೆದ ಮೇಲೆ ಕಾಕು ಸ್ಟುಡಿಯೋಕ್ಕೆ ಬಂದರು. ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿದೆ. ನನಗೆ ಹೆಮ್ಮೆಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಪೂರ್ತಿ ಕೇಳಿ ಅವರು ಅಂದರು, "ಹಾಡು ಛಲೋ ಐತಿ ತಮ್ಮಾ. ನಡುನಡುವ ಉಸರ ಎಳೀತಿದ್ರಲ್ಲ, ಅದೆಲ್ಲೈತಿ?"

"ಅದನ್ನ ತಗದೇನ್ರಿ ಕಾಕು. ಹಾಡು ಕೆಡತಿತ್ತು."

"ತಗದದ್ದು ಎಲ್ಲಿಟ್ಟಿ?"

ಅವರ ಮನೆಯಲ್ಲಿ ತೆಗೆದದ್ದನ್ನು ಎಸೆಯುವ ರೂಢಿಯೇ ಇರಲಿಲ್ಲ. ಹಳೇ ಗಾದಿ ಬಿಚ್ಚಿದರೆ, ಗಂಟು ಬಿದ್ದ ಹತ್ತಿಯನ್ನೂ ತೆಗೆದಿಟ್ಟು, ಹಿಂಜಿ, ಮತ್ತೆ ತುಂಬುತ್ತಿದ್ದರು. ಉಸಿರನ್ನೂ ನಾನು ಎಲ್ಲೋ ಒಂದು ಚೀಲದಲ್ಲಿ ಕಟ್ಟಿಟ್ಟಿರುತ್ತೇನೆ ಅಂತ ಅವರ ತಿಳುವಳಿಕೆ.

"ಎಷ್ಟೋ ವರ್ಷ ಆ ಸಪ್ಪಳ ಕೇಳ್ಕೋತ ಮಲಗೇನಿ. ಕೇಳಿಸಿದ್ರ ಅದಾರ ಅಂತ ಸಮಾಧಾನ. ಈಗ ಕಣ್ಣಿಗೆ ನಿದ್ದಿ ಹತ್ತವಲ್ದು. ಹಾಡು ಬ್ಯಾಡ ನನಗ, ಅದನ್ನಷ್ಟ ಕೊಡು."

ಎಸೆದೇನ್ರಿ ಅನ್ನಬೇಕಿತ್ತು. ಅನ್ನಲಿಲ್ಲ. ಓಣಿಯಲ್ಲಿ ಎಲ್ಲ ಬಲ್ಲವ ಅಂತ ಮೀಸೆ ತಿರುವಿದವ ನಾನು. "ಹುಡುಕಿ ಕೊಡ್ತೇನ್ರಿ" ಅಂದೆ.

ಅವರು ಮತ್ತೆ ಬಂದರು. "ಸಿಕ್ತೇನಪಾ?" "ಹುಡುಕಾಕತ್ತೇನ್ರಿ." ಮೂರನೆಯ ಸಲ ಬಂದಾಗ ನನ್ನ ಕೈಯಲ್ಲಿ ಕೆಲಸ ನೋಡಿ, ಬಾಗಿಲಿನಿಂದಲೇ, "ಅವಸರಿಲ್ಲ ತಮ್ಮಾ, ಸಾವಕಾಶ ಹುಡುಕು" ಅಂದು ಹೋದರು. ಕೊನೆಗೆ ಮಗಳು ಬಂದು ಮಸಗುಪ್ಪಿಗೆ ಕರೆದುಕೊಂಡು ಹೋದಳು. ಒಂದು ಬೇಸಿಗೆಯಲ್ಲಿ ಅಲ್ಲಿಂದ ಕಾಕು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದೆ. ನನ್ನ ಪಾಳಿಯ ಹಿಡಿ ಮಣ್ಣು ಹಾಕಿದೆ. ಆಗಲೂ ಯಾರಿಗೂ ಹೇಳಲಿಲ್ಲ... ಇಲ್ಲೇ ಮೊದಲ ಸಲ ಬರೆಯುತ್ತಿದ್ದೇನೆ.

ಈಗ ಹೊಸ ಲ್ಯಾಪ್‌ಟಾಪ್ ತಂದಿದ್ದೇನೆ, ಮತ್ತೆ ಸಾಫ್ಟ್‌ವೇರ್ ಆರಿಸುವ ಹೊತ್ತು. ಗಾದಿ ಬಿಚ್ಚಿ ಫೋಮ್ ಹಾಳೆ ಹಚ್ಚೋಣ ಅಂತಲೂ ಇತ್ತು. ದಡ್ಡಿ ಅನ್ನುವ ಊರಿನಿಂದ ಹಾಡಲು ಬರುವ ಒಬ್ಬ ತಂಗಿ ಮೊನ್ನೆ, "ಅಣ್ಣಾರ, ನನ್ನ ಉಸರ ಕೇಳಸ್ತೈತಿ, ತಗೀರಿ" ಅಂದಳು. ನಮ್ಮಲ್ಲಿ ಆ ಸೌಕರ್ಯ ಇಲ್ಲವ್ವಾ ಅಂದೆ. ಪುಕ್ಕಟೆಯದನ್ನೇ ಹಾಕಿಕೊಂಡೆ.

ಅದರಲ್ಲಿ ಮೊದಲು ತೆರೆದದ್ದು ಕಾಕಾನ ಪದ. ಪರದೆಯ ಮೇಲೆ ದನಿಯ ಗೆರೆ ಏಳುತ್ತದೆ, ಇಳಿಯುತ್ತದೆ, ನಡುನಡುವೆ ಸಪಾಟ. ಎಣಿಸಿದೆ, ಹನ್ನೊಂದು ಕಡೆ. ಕಾಕು ಕೇಳಿದ್ದು ಆ ಹನ್ನೊಂದು ಕಡೆ ಇತ್ತು. ಸ್ಪೀಕರ್ ಎಷ್ಟು ಏರಿಸಿದರೂ ಅಲ್ಲಿ ಏನೂ ಇಲ್ಲ.

ಲ್ಯಾಪ್‌ಟಾಪ್ ಮುಚ್ಚಿ ದಬ್ಬಣ ತಂದೆ. ನೆಲದ ಮೇಲೆ ಬಿದ್ದ ಹತ್ತಿಯನ್ನು ಬೆರಳಿನಿಂದ ಆರಿಸಿ, ಕಸ ಬಿಡಿಸಿ, ಗಾದಿಯ ಮೂಲೆಗೆ ತುಂಬಿದೆ. ಹೊಲಿಗೆ ಸೊಟ್ಟ ಬಿತ್ತು, ಕಾಕಾ ನೋಡಿದ್ದರೆ ಬೈಯುತ್ತಿದ್ದರು. ಒಂದು ಎಳೆಯನ್ನೂ ಎಸೆಯಲಿಲ್ಲ.