ಗಾಡಿಯಲ್ಲಿ ಕಲಿತ ಹಕಾರ

ಹುಟ್ಟಿನಿಂದ ನನ್ನ ಬಾಯಲ್ಲಿ ಒಂದು ಅಕ್ಷರ ಇರಲಿಲ್ಲ. ನನ್ನ ಬಾಯಲ್ಲೇನು, ನಮ್ಮೂರಿನ ಯಾರ ಬಾಯಲ್ಲೂ ಇರಲಿಲ್ಲ. ಹಾಲು ನಮಗೆ ಆಲು, ಹೊಲ ಒಲ, ಹೋದ ಎಂದರೆ ಓದ. ಹಕಾರವಿಲ್ಲವೆಂದು ಯಾವ ವರ್ಷವೂ ಬೆಳೆ ಕಮ್ಮಿಯಾದದ್ದಿಲ್ಲ. ಅದರ ಬೆಲೆ ತಿಳಿದದ್ದು ನಾನು ಮೇಷ್ಟ್ರಾಗಲು ಹೊರಟಾಗ.

ನಂಜನಗೂಡಿನ ಶಾಲೆಯಲ್ಲಿ ಕೊನೆಯ ತರಗತಿಯಲ್ಲಿದ್ದೆ. ಪಾಸಾದವರಿಗೆ ನರಸೀಪುರದಲ್ಲಿ ಇನ್ಸ್‌ಪೆಕ್ಟರರ ಮುಂದೆ ಬಾಯಿಪರೀಕ್ಷೆ. ಅದರಲ್ಲಿ ಗೆದ್ದರೆ ಯಾವುದಾದರೂ ಹಳ್ಳಿಯಲ್ಲಿ ಮೇಷ್ಟ್ರ ಕೆಲಸ. ನೇಗಿಲು, ಬಾರುಕೋಲು ಬಿಟ್ಟು ಬೇರೇನನ್ನೂ ಹಿಡಿಯದ ವಂಶ ನಮ್ಮದು. ಅಪ್ಪನಿಗೆ ಇದ್ದದ್ದು ಅದೊಂದೇ ಆಸೆ. ಶಾಲೆಯ ಪಂಡಿತರು ಮಾತ್ರ ತರಗತಿಗೆಲ್ಲ ಕೇಳುವಂತೆ, "ನೀನು ಹಾಡು ಹೇಳಿಕೊಟ್ಟರೆ ಮಕ್ಕಳು ಆಡು ಮೇಯಿಸೋಕೆ ಹೋಗ್ತಾರೆ, ಅಷ್ಟೆ" ಎಂದುಬಿಟ್ಟರು. ಎಲ್ಲರೂ ನಕ್ಕರು. ಅವರು ಹೇಳಿದ್ದು ನಿಜವಾದ್ದರಿಂದ ನನಗೆ ಇನ್ನೂ ಉರಿಯಿತು.

ಆ ಸಂಜೆ ಗಾಡಿಯಲ್ಲಿ ಅಪ್ಪನಿಗೆ ಹೇಳಿದೆ. ನಮ್ಮೂರು ನರಸೀಪುರದ ರಸ್ತೆಯಲ್ಲಿತ್ತು. ಅಲ್ಲಿಂದ ನಂಜನಗೂಡಿನ ರೈಲ್ವೆ ಗೋದಾಮಿಗೆ ಅಪ್ಪ ದಿನವೂ ಭತ್ತದ ಮೂಟೆ ಸಾಗಿಸುತ್ತಿದ್ದ. ಹೋಗುವಾಗ ಬರುವಾಗ ನಾನೂ ಅದೇ ಗಾಡಿಯಲ್ಲಿ. ಮನೆ ಸೇರಿದರೆ ಹುಲ್ಲು, ಸಗಣಿ, ನೀರು. ಪುಸ್ತಕ ಮುಟ್ಟಲು ಬಿಡುವಿಲ್ಲ. ನನ್ನದೆಂದು ಇದ್ದದ್ದು ಗಾಡಿಯ ಹೊತ್ತೊಂದೇ.

"ಅಂಗಾರೆ ಇಲ್ಲೇ ಕಲ್ತ್ಕೊ," ಎಂದ ಅಪ್ಪ. "ನಂಗೂ ಏಳ್ಕೊಡು. ಇಬ್ರೂ ಕಲ್ಯವ."

ದಾರಿಯಲ್ಲಿ ಕಂಡದ್ದೇ ಪಾಠವಾಯಿತು. ಅಪ್ಪ ಬಾರುಕೋಲು ಚಾಚಿ, "ಇದ್ಕೆ ಅದು ಅದಾ, ಇಲ್ವಾ?" ಎಂದು ಕೇಳುವನು. ಹುಣಸೆಮರಕ್ಕೆ ಉಂಟು, ಆಲದಮರಕ್ಕೆ ಇಲ್ಲ. ಹಳ್ಳಕ್ಕೆ ಉಂಟು, ಏರಿಗೆ ಇಲ್ಲ. ಬಾರದ ಅಕ್ಷರ ಬರತೊಡಗಿದ್ದೇ ತಡ, ಕರೆಯದ ಕಡೆಗೂ ನುಗ್ಗಿತು. ಅಕ್ಕಿ ಹಕ್ಕಿಯಾಯಿತು, ಎಣ್ಣೆ ಹೆಣ್ಣೆಯಾಯಿತು. ಒಂದು ದಿನ ಅಪ್ಪ ಗೋದಾಮಿನ ಗುಮಾಸ್ತರಿಗೆ ಬಹಳ ಗಂಭೀರವಾಗಿ, "ಹೆತ್ತು ಕಟ್ಟಿ ಬತ್ತೀನಿ ಸಾ," ಎಂದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಸಹಿಸಲಾರೆ. ಅಪ್ಪನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

ವಿಚಿತ್ರವೆಂದರೆ, ಎತ್ತುಗಳನ್ನು ನಿಲ್ಲಿಸಲು "ಹೋ... ಹೋ..." ಎಂದು ಕೂಗುವಾಗ ಅಪ್ಪನ ಹಕಾರ ಯಾವ ಪಂಡಿತರಿಗೂ ಕಮ್ಮಿಯಿರಲಿಲ್ಲ. ಅದನ್ನು ಹೇಳಿದಾಗ ಅವನಿಗೇ ಬೆರಗಾಯಿತು.

"ಎತ್ಗೆ ಬತ್ತದೆ, ಮನ್ಸಂಗೆ ಬರಾಕಿಲ್ಲ ಅಂದ್ರೆ ಏನ್ಲಾ?" ಎಂದು ಸ್ವಲ್ಪ ಯೋಚಿಸಿ, "ಅದು ಬರೀ ಉಸ್ರು ಕಣ್ಲಾ. ಬುಟ್ರೆ ಬತ್ತದೆ," ಎಂದ.

ಅಲ್ಲಿಂದ ನನಗೆ ದಾರಿ ಸಿಕ್ಕಿತು. ಮೊದಲು ಉಸಿರು, ಆಮೇಲೆ ಮಾತು. ಹೋ, ಹೋಗು, ಹೋಗಲಿ. 'ಹೋದರು' ಒಂದೇ ಕೈಕೊಡುತ್ತಿತ್ತು. ಎಷ್ಟು ಎಚ್ಚರದಿಂದ ಹೊರಟರೂ 'ಓದರು' ಎಂದೇ ಬಂದು ನಿಲ್ಲುತ್ತಿತ್ತು.

ಆ ಚಳಿಗಾಲ ಶಾಲೆಯ ಪರೀಕ್ಷೆ ಪಾಸಾದೆ. ಹಿಂದೆಯೇ ನಂಜನಗೂಡಿಗೆ ಪ್ಲೇಗು ಬಂತು. ಗೋದಾಮಿನಲ್ಲಿ ಇಲಿಗಳು ಸತ್ತು ಬಿದ್ದವು. ಜನ ಮನೆಗಳಿಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡರು. ಮೂಟೆಗಳು ಮಾತ್ರ ರೈಲು ಹತ್ತಲೇಬೇಕಿತ್ತು. "ನೀ ಬರ್ಬ್ಯಾಡ, ಮನೇಲೇ ಕುಂತು ಉಸ್ರು ಬುಡು," ಎಂದು ಅಪ್ಪ ಒಬ್ಬನೇ ಗಾಡಿ ಕಟ್ಟಿದ. ಹಾಗೆ ಹೋಗಿ ಬರುತ್ತಿದ್ದವನನ್ನು ಒಂದು ಸಂಜೆ ಎತ್ತುಗಳೇ ಮನೆಗೆ ತಂದವು. ಖಾಲಿ ಚೀಲಗಳ ಮೇಲೆ ಮಲಗಿದ್ದ, ಮೈ ಸುಡುತ್ತಿತ್ತು.

ಹೊಲದಲ್ಲಿ ಗುಡಿಸಲು ಹಾಕಿ ಅಲ್ಲಿಗೆ ಸಾಗಿಸಿದೆವು. ಕಂಕುಳಲ್ಲಿ ಗಡ್ಡೆ ಎದ್ದಿತ್ತು. ನೆಂಟರು ಬದುವಿನಾಚೆ ನಿಂತು ವಿಚಾರಿಸಿ ಹಾಗೇ ಹಿಂತಿರುಗಿದರು. ಅವರನ್ನು ದೂರುವುದಿಲ್ಲ, ಎಲ್ಲರಿಗೂ ಮಕ್ಕಳಿದ್ದರು. ಅವ್ವ ನನ್ನನ್ನೂ ಒಳಗೆ ಬಿಡಲಿಲ್ಲ. ತಡಿಕೆಯ ಹೊರಗೆ ಕೂತು ಅಪ್ಪನ ಏದುಸಿರು ಕೇಳುತ್ತಿದ್ದೆ. ಒಂದೊಂದು ಉಸಿರಿನಲ್ಲೂ ಆ ಅಕ್ಷರವಿತ್ತು. ನಾನು ಕಿವಿ ಮುಚ್ಚಿಕೊಂಡೆ.

ಬೆಳಕು ಹರಿದ ಮೇಲೆ ಅವ್ವ ಹೊರಗೆ ಬಂದಳು. "ನಿಮ್ಮಪ್ಪ ಓದ ಕಣ್ ಮಗ," ಎಂದಳು. ಅಳು ಬರುವುದಕ್ಕೂ ಮುಂಚೆ ನನ್ನ ಹಾಳು ತಲೆ ಅವಳ ಮಾತನ್ನು ತಿದ್ದಿತು.

ತಿಥಿ ಮುಗಿದ ಮೇಲೆ ನರಸೀಪುರದಿಂದ ಕರೆ ಬಂತು. ನಾನೇ ಗಾಡಿ ಕಟ್ಟಿದೆ. ಎತ್ತುಗಳು ಅಭ್ಯಾಸಬಲದಿಂದ ನಂಜನಗೂಡಿನ ಕಡೆಗೇ ಎಳೆದವು. ಹಗ್ಗ ಜಗ್ಗಿ ತಿರುಗಿಸಬೇಕಾಯಿತು. ದಾರಿಯುದ್ದಕ್ಕೂ ಹುಣಸೆಮರಗಳಿದ್ದವು. ಪಾಠ ಒಪ್ಪಿಸಲು ನನಗೆ ಬಾಯಿ ಬರಲಿಲ್ಲ.

ಇನ್ಸ್‌ಪೆಕ್ಟರರು ಪುಸ್ತಕ ಕೊಟ್ಟು ಓದಿಸಿದರು. ಒಂದೆರಡು ಕಡೆ ಹಕಾರ ಜಾರಿತು, ಅವರ ಹುಬ್ಬು ಗಂಟಾಯಿತು. ಕೆಲಸ ಕೈತಪ್ಪಿತೆಂದುಕೊಂಡೆ. ಅವರು ಪುಸ್ತಕ ವಾಪಸು ತೆಗೆದುಕೊಂಡು, ಕಳಿಸಿಬಿಡುವ ದನಿಯಲ್ಲಿ, "ತಂದೆ ಏನು ಮಾಡಿಕೊಂಡಿದ್ದಾರೆ?" ಎಂದು ಕೇಳಿದರು.

"ಗಾಡಿ ಹೊಡೆಯುತ್ತಿದ್ದರು. ಹೋದರು."

ಮೊದಲು ಉಸಿರು ಬಂತು, ಆಮೇಲೆ ಮಾತು. ಇನ್ಸ್‌ಪೆಕ್ಟರರು ತಲೆಯೆತ್ತಿದರು. ಅವರ ಕಿವಿಗೆ ಬಿದ್ದದ್ದು ಅಕ್ಷರ ಮಾತ್ರ.

"ನೋಡು, ಈಗ ಎಷ್ಟು ಸ್ಪಷ್ಟವಾಗಿ ಬಂತು," ಎಂದರು. "ಎಲ್ಲಿ, ಇನ್ನೊಂದು ಸಲ ಹೇಳು."

ಕೆಲಸ ಬೇಕಾಗಿತ್ತು. ಇನ್ನೊಂದು ಸಲ ಹೇಳಿದೆ.